ಲೀಬಿಗ್ ಸೂಪ್ ಮಾಡೋದು ಹೇಗೆ (ನೋಡೋಕೆ ಮಾತ್ರ, ಮಗುಗೆ ಕೊಡೋಕಲ್ಲ)

1865ರಲ್ಲಿ ಜರ್ಮನಿಯ ಕೆಮಿಸ್ಟ್ ಯುಸ್ಟಸ್ ಫಾನ್ ಲೀಬಿಗ್, ಎದೆಹಾಲು ಸಿಗದ ಮೊಮ್ಮಕ್ಕಳಿಗೆ ಅಂತ ಮಾಡಿದ ರೆಸಿಪಿ ಇದು.

ಗೋಧಿ ಹಿಟ್ಟು ಅರ್ಧ ಔನ್ಸ್, ಅಂದ್ರೆ ಸುಮಾರು 14 ಗ್ರಾಂ, ಹಸುವಿನ ಹಾಲು ಅದರ ಹತ್ತು ಪಟ್ಟು, ಇವೆರಡನ್ನ ಗಂಟಾಗದ ಹಾಗೆ ಕೈಯಾಡಿಸ್ತಾ ಕುದಿಸಿ ಒಲೆಯಿಂದ ಇಳಿಸಿ. ಈಗ ಮೊಳಕೆ ಬಾರ್ಲಿ ಹಿಟ್ಟು ಅಷ್ಟೇ ಅರ್ಧ ಔನ್ಸ್, ಚಿಟಿಕೆ ಪೊಟ್ಯಾಶಿಯಂ ಬೈಕಾರ್ಬೊನೇಟ್ (ಅಡುಗೆ ಸೋಡಾ ಥರದ ಪುಡಿ) ಜೊತೆ ನೀರಲ್ಲಿ ಕಲಸಿ ಅದಕ್ಕೆ ಹಾಕಿ, ಆದ್ರೆ ಆ ಗಂಜಿ ಕೊತಕೊತ ಅಂತಿರುವಾಗ ಹಾಕಿದ್ರೆ ಕೆಟ್ಟಿತು, ಬಿಸಿ ಜಾಸ್ತಿ ಆದ್ರೆ ಮೊಳಕೆಯಲ್ಲಿರೋ, ಪಿಷ್ಟ ಒಡೆಯೋ ಎಂಜೈಮ್ ಸತ್ತೋಗತ್ತೆ. ಮುಚ್ಚಿಟ್ರೆ ಸ್ವಲ್ಪ ಹೊತ್ತಲ್ಲಿ ಗಟ್ಟಿ ಗಂಜಿ ತಾನಾಗೇ ನೀರಾಗಿ ಸಿಹಿ ಆಗತ್ತೆ, ಯಾಕಂದ್ರೆ ಪಿಷ್ಟ ಒಡೆದು ಸಕ್ಕರೆ ಆಗಿರತ್ತೆ, ನಮ್ಮ ಮೊಳಕೆ ರಾಗಿ ಸರಿ ತೆಳ್ಳಗಾಗೋದೂ ಇದೇ ಕಾರಣಕ್ಕೇ. ಆಮೇಲೆ ಇನ್ನೊಂದು ಕುದಿ ಬರಿಸಿ ಸೋಸಿದ್ರೆ ಆಯ್ತು.

ಆಗಿನ ಅಮ್ಮಂದಿರಿಗೆ ಇಷ್ಟೆಲ್ಲಾ ರಗಳೆ, ಅದಕ್ಕೇ ಬೇಗನೆ ಪೌಡರ್ ಬಂತು, 1867ರಲ್ಲಿ ಸ್ವಿಟ್ಜರ್ಲೆಂಡಿನ ವೆವೆಯಲ್ಲಿ ಹೆನ್ರಿ ನೆಸ್ಲೆ ಹಾಲು, ಗೋಧಿ, ಸಕ್ಕರೆ ಸೇರಿಸಿ ಬರೀ ನೀರಲ್ಲಿ ಕಲಸೋ ಪುಡಿ ತಂದ. ತಾಯಿಹಾಲಿಗೆ ಸಮ ಅಂತ ಲೀಬಿಗ್ ಹೇಳ್ಕೊಂಡಿದ್ದು ಮಾತ್ರ ಅತಿ ಆಯ್ತು, ವಿಟಮಿನ್ ಅನ್ನೋದೇ ಆಗ ಯಾರಿಗೂ ಗೊತ್ತಿರ್ಲಿಲ್ಲ.