ಚೀನಾ ನೋಡದವರು ಬಿಡಿಸಿದ ಚೀನಾ

ನಾನು ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹಳೆಯ ಮರದ ಸಾಮಾನು ರಿಪೇರಿ ಮಾಡುತ್ತೇನೆ. ಕುರ್ಚಿ, ಮೇಜು, ಗಡಿಯಾರದ ಪೆಟ್ಟಿಗೆ, ಏನು ಬಂದರೂ ಸರಿ. ಆದ್ರೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಬಣ್ಣದ ಚೆಸ್ಟ್ ಆಫ್ ಡ್ರಾಯರ್ಸ್, ಅಂದರೆ ಒಂದರ ಮೇಲೊಂದು ಡ್ರಾಯರ್ ಇರುವ ಪೆಟ್ಟಿಗೆ. ಕಪ್ಪು, ಕೆಂಪು ಇಲ್ಲವೇ ಹಸಿರು ನೆಲದ ಮೇಲೆ ಚಿನ್ನದ ಬಣ್ಣದ ಪಗೋಡ, ಪುಟ್ಟ ಸೇತುವೆ, ಕೊಕ್ಕರೆ, ಛತ್ರಿ ಹಿಡಿದ ಜನ ಇರುತ್ತಾರಲ್ಲ, ಆ ಬಗೆಯದು. ನೋಡಿದ ತಕ್ಷಣ ಚೀನಾದ್ದು ಅನ್ನಿಸುತ್ತದೆ. ನನ್ನ ಕೈಗೆ ಬರುವವು ಬಹುಪಾಲು ಇಂಗ್ಲೆಂಡಿನಲ್ಲೇ ಮಾಡಿದವು.

ಇದರ ಹಿಂದೆ ಒಂದು ಕಾರಣವಿದೆ. 17ನೇ ಶತಮಾನದಲ್ಲಿ ಚೀನಾ, ಜಪಾನಿನಿಂದ ಹಡಗಿನಲ್ಲಿ ಬಂದ ಮೆರುಗಿನ ಪೆಟ್ಟಿಗೆಗಳಿಗೆ ಯೂರೋಪಿನ ಶ್ರೀಮಂತರು ಮರುಳಾದರು. ಅಲ್ಲಿಯ ಮೆರುಗು ಒಂದು ಮರದ ಹಾಲಿನಿಂದ ಆಗುವಂಥದ್ದು. ಅದು ಒಣಗಿ ಗಟ್ಟಿಯಾಗಲು ಗಾಳಿಯಲ್ಲಿ ತೇವ ಬೇಕು. ಆ ಹಾಲನ್ನು ಅಷ್ಟು ದೂರ ಕೆಡದಂತೆ ಸಾಗಿಸುವುದು ಆಗದ ಮಾತು, ಆ ಮರವೂ ಯೂರೋಪಿನಲ್ಲಿ ಇರಲಿಲ್ಲ. ಹಾಗಾಗಿ ಇಂಗ್ಲೆಂಡಿನವರು ಅರಗನ್ನು ಹಿಡಿದರು. ಆಲ್ಕೋಹಾಲಿನಲ್ಲಿ ಅರಗು ಕರಗಿಸಿ, ಪದರದ ಮೇಲೆ ಪದರ ಬಳಿದು, ಉಜ್ಜಿ ನುಣುಪು ಮಾಡಿದರು. ಈ ಕೆಲಸಕ್ಕೆ ಜಪಾನಿಂಗ್ ಅನ್ನುತ್ತಾರೆ. 1688ರಲ್ಲಿ ಸ್ಟಾಕರ್ ಮತ್ತು ಪಾರ್ಕರ್ ಅನ್ನುವ ಇಬ್ಬರು ಆಕ್ಸ್‌ಫರ್ಡಿನಲ್ಲಿ ಇದಕ್ಕೇ ಒಂದು ಪುಸ್ತಕ ಅಚ್ಚು ಹಾಕಿಸಿದರು. ಯಾವ ಪಾಕ ಹೇಗೆ ಅನ್ನುವುದರ ಜೊತೆಗೆ ನಕಲು ಮಾಡಲು ಚಿತ್ರದ ಹಾಳೆಗಳನ್ನೂ ಕೊಟ್ಟರು.

ಅರಗು ಒಂದು ಪುಟ್ಟ ಹುಳುವಿನಿಂದ ಆಗುವಂಥದ್ದು, ಅದು ಹೋಗಿದ್ದು ನಮ್ಮ ಭಾರತದಿಂದ. ಚಿತ್ರದಲ್ಲಿರುವ ಚೀನಾ ಪೂರಾ ಊಹೆ, ಆದರೆ ಮೆರುಗು ನಿಜವಾಗಿ ಏಷ್ಯಾದ್ದೇ. ಚನ್ನಪಟ್ಟಣದಲ್ಲಿ ತಿರುಗುವ ಬೊಂಬೆಗೆ ಒತ್ತಿ ಹಿಡಿಯುವ ಬಣ್ಣದ ಅರಗೂ ಇದೇ ಹುಳುವಿನಿಂದ ಬಂದದ್ದು. ಅಲ್ಲಿ ಉಜ್ಜಿದ ಬಿಸಿಗೆ ಕರಗುತ್ತದೆ, ಇಲ್ಲಿ ಆಲ್ಕೋಹಾಲಿಗೆ ಕರಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ರಿಪೇರಿಯ ಕಷ್ಟವೆಲ್ಲ ಇಲ್ಲೇ ಇದೆ.

ಕಳೆದ ಚಳಿಗಾಲ ಲೀಡ್ಸ್‌ನಲ್ಲಿರುವ ನಮ್ಮ ಕಡೆಯ ಡಾಕ್ಟರಮ್ಮ ಒಬ್ಬರು ಇಂಥದ್ದೊಂದನ್ನು ತಂದರು. ಹರಾಜಿನಲ್ಲಿ ಕೊಂಡದ್ದು. ಮೇಲೆ ಎರಡು ಚಿಕ್ಕ ಡ್ರಾಯರ್, ಕೆಳಗೆ ಮೂರು ಉದ್ದದ್ದು. ಕಪ್ಪು ನೆಲ. 18ನೇ ಶತಮಾನದ್ದು ಅಂತ ಹೇಳಿ ಮಾರಿದ್ದರಂತೆ.

ಮರಕ್ಕೆ ಅಷ್ಟು ವಯಸ್ಸಿತ್ತು. ಡ್ರಾಯರ್ ಹೊರಗೆಳೆದು ಬೋರಲು ಹಾಕಿದೆ. ತಳದ ಹಲಗೆಯ ಎಳೆ ಮುಂದಿನಿಂದ ಹಿಂದಕ್ಕೆ ಓಡುತ್ತಿತ್ತು. ಇಂಗ್ಲೆಂಡಿನ ಕೆಲಸದಲ್ಲಿ ಇದು ಸಾಮಾನ್ಯವಾಗಿ 18ನೇ ಶತಮಾನದ ಮೊದಲ ಭಾಗದ ಗುರುತು, ಆಮೇಲಾಮೇಲೆ ಎಳೆ ಅಡ್ಡಡ್ಡ ಬರುತ್ತದೆ. ಮೂಲೆಯ ಜೋಡಣೆಗಳನ್ನು ಕೈಯಲ್ಲೇ ಕತ್ತರಿಸಿದ್ದು, ಒಂದರಂತೆ ಇನ್ನೊಂದಿಲ್ಲ. ಆದರೆ ಬಣ್ಣದ ಕತೆ ಬೇರೆ. ಡ್ರಾಯರಿನ ಒಳಮುಖದಲ್ಲಿ ಹಿಡಿ ಹಾಕಿದ ತೂತು ಎರಡು ಜೊತೆ ಇದ್ದವು, ಒಂದು ಜೊತೆಗೆ ಬೆಣೆ ಹೊಡೆದು ಮುಚ್ಚಿದ್ದರು. ಹೊರಗೆ ನೋಡಿದರೆ ಆ ಬೆಣೆಯ ಸುಳಿವೇ ಇಲ್ಲ, ಮೇಲೆ ಕಪ್ಪು ಬಣ್ಣ ಒಂದೇ ಸಮ ಹರಿದಿದೆ. ಅಂದರೆ ಹಿಡಿ ಬದಲಾಯಿಸಿದ ಮೇಲೆ ಬಣ್ಣ ಬಂದಿದೆ. ಚಕ್ಕೆ ಎದ್ದ ಒಂದು ಅಂಚನ್ನು ಭೂತಗನ್ನಡಿಯಲ್ಲಿ ನೋಡಿದೆ. ಬಣ್ಣದ ಅಡಿಯಲ್ಲಿ ಹಳೆಯ ಮೇಣ, ಕೈಜಿಡ್ಡು, ಸವೆದು ದುಂಡಾದ ಮರ. ಸಾದಾ ಮರದ ಚೆಸ್ಟ್ ಆಗಿ ಎಷ್ಟೋ ಕಾಲ ಯಾರದೋ ಮನೆಯಲ್ಲಿ ದುಡಿದು, ಆಮೇಲೆ ಬಣ್ಣ ಕಂಡದ್ದು ಇದು. 20ನೇ ಶತಮಾನದ ಮೊದಲ ದಶಕಗಳಲ್ಲಿ ಈ ಶೈಲಿಗೆ ಮತ್ತೆ ಬೇಡಿಕೆ ಬಂದಿತ್ತು. ಆಗ ಹಳೆಯ ಸಾದಾ ಚೆಸ್ಟ್‌ಗಳಿಗೆ ಹೀಗೆ ಬಣ್ಣ ಬರೆಸಿ ಮಾರುತ್ತಿದ್ದರು.

"ಹಾಗಾದ್ರೆ ಬಣ್ಣ ಕೆರೆದು ಹಾಕಿ ಹಳೇ ಮರ ತೋರಿಸಬಹುದಲ್ವಾ?" ಅಂದರು ಡಾಕ್ಟರಮ್ಮ.

"ಬೇಡ ಅಮ್ಮ. ಈ ಬಣ್ಣಕ್ಕೂ ಹೆಚ್ಚುಕಡಿಮೆ ನೂರು ವರ್ಷ ಆಗಿದೆ. ಯಾರೋ ಕೂತು ಪ್ರೀತಿಯಿಂದ ಬರೆದಿದ್ದಾರೆ."

"ಸರಿಯಪ್ಪ. ಆದ್ರೆ ಈ ಮೀನು ಹಿಡಿಯೋನ್ನ ನೋಡು, ದೋಣಿಗಿಂತ ದೊಡ್ಡೋನು. ಆ ಸೇತುವೆ ಹತ್ತಿದ್ರೆ ಮುರಿದೇ ಹೋಗುತ್ತೆ. ಅದನ್ನಾದ್ರೂ ಸರಿ ಮಾಡು."

ಇದನ್ನು ಕೇಳದ ಗಿರಾಕಿಯೇ ಇಲ್ಲ. ನಾನು ಒಪ್ಪುವುದೂ ಇಲ್ಲ. ತಮಾಷೆ ಅಂದರೆ ಈ ಆಸೆ 1688ರದ್ದೇ. ಮೂಲ ಚಿತ್ರಗಳಲ್ಲಿ ಅಳತೆ ಸೊಟ್ಟಗಿದ್ದ ಕಡೆ ನಾವು ಸ್ವಲ್ಪ ಸರಿಪಡಿಸಿರಬಹುದು ಎಂದು ಸ್ಟಾಕರ್, ಪಾರ್ಕರ್ ಇಬ್ಬರೂ ತಮ್ಮ ಪುಸ್ತಕದಲ್ಲೇ ಬರೆದುಕೊಂಡಿದ್ದಾರೆ. ಅವರು ಸರಿಪಡಿಸಿದ್ದನ್ನು ನೋಡಿ ಇನ್ನೊಬ್ಬ ಬರೆದ, ಅದನ್ನು ನೋಡಿ ಮತ್ತೊಬ್ಬ. ಚೀನಾಕ್ಕೆ ಕಾಲಿಡದವರ ಕೈಯಿಂದ ಕೈಗೆ ಹೋಗುತ್ತಾ ಈ ಲೋಕ ಬೆಳೆಯಿತು. ದೋಣಿಗಿಂತ ದೊಡ್ಡ ಮನುಷ್ಯ, ನೀರಿಗೆ ತೇಲುವ ಬಂಡೆ, ಮರಕ್ಕಿಂತ ಎತ್ತರದ ಹೂವು. ಅಳತೆ ಸರಿ ಮಾಡಿದರೆ ಉಳಿಯುವುದು ಸಪ್ಪೆ ಪೋಸ್ಟ್‌ಕಾರ್ಡ್. ಯಾರಿಗಾದರೂ ಅನುಮಾನವಿದ್ದರೆ ನಮ್ಮ ಹತ್ತಿರದ ನಾಸ್ಟೆಲ್ ಅನ್ನುವ ಹಳೆಯ ಶ್ರೀಮಂತರ ಬಂಗಲೆಗೆ ಹೋಗಿ ಎನ್ನುತ್ತೇನೆ. ಇದೇ ಯಾರ್ಕ್‌ಷೈರಿನ ಆಟ್ಲಿ ಊರಿನ ಬಡಗಿ ಥಾಮಸ್ ಚಿಪ್ಪೆಂಡೇಲ್ 1771ರಲ್ಲಿ ಅಲ್ಲಿಗೆ ಹಸಿರು ಬಣ್ಣದ ಜಪಾನಿಂಗ್ ಸಾಮಾನು ಕೊಟ್ಟ. ಅದೇ ಕೋಣೆಯ ಗೋಡೆಯ ಕಾಗದ ಚೀನಾದಲ್ಲೇ ಕೈಯಲ್ಲಿ ಬರೆದದ್ದು. ಎರಡನ್ನೂ ಪಕ್ಕಪಕ್ಕ ನೋಡಬಹುದು. ಚೀನಾದವರು ಬರೆದ ಹಕ್ಕಿ, ಇಂಗ್ಲೆಂಡಿನವರು ಊಹಿಸಿದ ಚೀನಾ. ನನಗೆ ಎರಡೂ ಬೇಕು.

ಇನ್ನು ಕೆಲಸದ ವಿಷಯ. ಮೊದಲು ಕತ್ತಲಲ್ಲಿ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಬಿಟ್ಟೆ. ಅರಗು ಇರುವ ಕಡೆ ಕಿತ್ತಳೆ ಬಣ್ಣದಲ್ಲಿ ಮಿನುಗುತ್ತದೆ. ಇಡೀ ಚೆಸ್ಟ್ ಮಿನುಗಿತು, ಮೇಲ್ಹಲಗೆಯ ಒಂದು ಮೂಲೆ ಮಾತ್ರ ಕಪ್ಪಾಗಿ ಉಳಿಯಿತು. ಅಲ್ಲಿ ಯಾರೋ ಆಮೇಲೆ ತೇಪೆ ಹಾಕಿದ್ದಾರೆ.

ಆಮೇಲೆ ಕಾಣದ ಜಾಗದಲ್ಲಿ ಹತ್ತಿಯ ತುದಿಯಿಂದ ಪರೀಕ್ಷೆ. ಆಲ್ಕೋಹಾಲ್ ಮುಟ್ಟಿಸಿದರೆ ಮೆರುಗೇ ಎದ್ದು ಬರುತ್ತದೆ. ನೀರು ಜಾಸ್ತಿಯಾದರೆ ಉಬ್ಬು ಕೆಲಸ ಕರಗುತ್ತದೆ. ಮೈಸೂರು ಶೈಲಿಯ ಚಿತ್ರದಲ್ಲಿ ಚಿನ್ನದ ಕೆಳಗೆ ಗೆಸ್ಸೊ ಅನ್ನುವ ದಪ್ಪ ಲೇಪ ಇಟ್ಟು ಉಬ್ಬಿಸುವಂತೆ, ಇಲ್ಲೂ ಮುಖ, ಬಂಡೆ, ಮರದ ಬುಡ ಇವನ್ನೆಲ್ಲ ಗೋಂದು ಮತ್ತು ಸೀಮೆಸುಣ್ಣದ ಪುಡಿ ಕಲಸಿ ಉಬ್ಬಿಸಿರುತ್ತಾರೆ. ಹಾಗಾಗಿ ಈ ಕಡೆಗೂ ಹೋಗುವಂತಿಲ್ಲ, ಆ ಕಡೆಗೂ ಹೋಗುವಂತಿಲ್ಲ. ಕೊನೆಗೆ ಉಳಿಯುವುದು ವೈಟ್ ಸ್ಪಿರಿಟ್ (ಪೆಟ್ರೋಲಿಯಮ್ಮಿನಿಂದ ಬರುವ ದ್ರಾವಕ, ಆಲ್ಕೋಹಾಲ್ ಅಲ್ಲ) ಮತ್ತು ಎಂಜಲು. ಹೌದು, ಎಂಜಲೇ. ಅದರಲ್ಲಿರುವ ಕಿಣ್ವಗಳು ಜಿಡ್ಡು ಕೊಳೆಯನ್ನು ಮೆತ್ತಗೆ ಬಿಡಿಸುತ್ತವೆ. ದೊಡ್ಡ ಮ್ಯೂಸಿಯಮ್‌ಗಳಲ್ಲೂ ಇದನ್ನೇ ಮಾಡುತ್ತಾರೆ. ಹತ್ತಿಯನ್ನು ಉಜ್ಜದೆ ಉರುಳಿಸಬೇಕು. ಹೊಗೆ, ಧೂಳಿನ ಕಂದು ಪದರ ಹೋದ ಮೇಲೆ ಮೀನುಗಾರನ ಟೋಪಿಯ ಅಂಚಿನಲ್ಲಿ ಕೆಂಪು ಗೆರೆಯೊಂದು ಕಾಣಿಸಿತು. ಅದು ಅಲ್ಲಿದೆ ಅಂತ ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ.

ಚಕ್ಕೆ ಕೂರಿಸುವುದಕ್ಕೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಚಳಿಗಾಲದಲ್ಲಿ ಇಲ್ಲಿ ಮನೆಯೊಳಗೆ ಹೀಟರ್ ಉರಿಯುತ್ತಲೇ ಇರುತ್ತದೆ. ಗಾಳಿ ಒಣಗಿ ಮರ ಕುಗ್ಗುತ್ತದೆ, ಮೇಲಿನ ಪದರ ಕುಗ್ಗುವುದಿಲ್ಲ. ಆಗ ಅದು ಗುಡಾರದಂತೆ ಎದ್ದು ನಿಲ್ಲುತ್ತದೆ. ಬೇರೆ ಬಣ್ಣದ ಕೆಲಸವಾದರೆ ಅಂಟು ಒಳಗೆ ಇಳಿಯಲಿ ಅಂತ ಮೊದಲು ಚೂರು ಆಲ್ಕೋಹಾಲ್ ಬಿಡುತ್ತಾರೆ. ಇಲ್ಲಿ ಅದು ಆಗದು. ಮೀನಿನ ಅಂಟನ್ನು ತೆಳ್ಳಗೆ ಮಾಡಿ, ಬೆಚ್ಚಗಿರುವಾಗಲೇ ಸಣ್ಣ ಕುಂಚದ ತುದಿಯಿಂದ ಚಕ್ಕೆಯ ಅಡಿಗೆ ಬಿಡಬೇಕು. ಅದು ತಾನಾಗಿ ಒಳಗೆ ಎಳೆದುಕೊಳ್ಳುವವರೆಗೆ ಕಾಯಬೇಕು. ಆಮೇಲೆ ಅಂಟದ ಸಿಲಿಕೋನ್ ಕಾಗದ ಇಟ್ಟು, ಮೆಲ್ಲಗೆ ಒತ್ತಿ, ಮೇಲೆ ಭಾರ ಇಡಬೇಕು. ಅವಸರ ಮಾಡಿದರೆ ಚಕ್ಕೆ ಪುಡಿಯಾಗುತ್ತದೆ.

ಬಣ್ಣ ತುಂಬುವಾಗ ಒಂದು ಮಾತು. ಹಳೆಯ ಕಪ್ಪು ಕಪ್ಪಾಗಿರುವುದಿಲ್ಲ. ಮೇಲಿನ ಅರಗು ವರ್ಷಗಳಲ್ಲಿ ಹಳದಿಗೆ ತಿರುಗಿ, ಕಪ್ಪಿಗೆ ಕಂದು ಛಾಯೆ ಬಂದಿರುತ್ತದೆ. ಬರೀ ದೀಪದ ಮಸಿಯ ಕಪ್ಪು ಹಚ್ಚಿದರೆ ಅಲ್ಲೊಂದು ನೀಲಿ ತೂತು ಕಾಣುತ್ತದೆ. ನಾನು ಸುಟ್ಟ ಅಂಬರ್ ಅನ್ನುವ ಕಂದು ಮಣ್ಣಿನ ಬಣ್ಣ ಸೇರಿಸಿದ ಗ್ವಾಶ್ (ನೀರಿನಲ್ಲಿ ಕಲಸುವ ದಟ್ಟ ಬಣ್ಣ) ಬಳಸಿದೆ. ಕಳೆದುಹೋದ ಜಾಗಕ್ಕೆ ಮಾತ್ರ ಹಚ್ಚಬೇಕು, ಹಳೆಯದರ ಮೇಲೆ ಒಂದು ಕೂದಲಿನಷ್ಟೂ ಹತ್ತಬಾರದು. ಬೇಕಾದಾಗ ತೆಗೆಯಲು ಬರಬೇಕು. ಚಿನ್ನದ ಬಣ್ಣಕ್ಕೆ ಅಭ್ರಕದ ಪುಡಿ. ಅಂಗಡಿಯಲ್ಲಿ ಸಿಗುವ ಬ್ರಾಂಜ್ ಪುಡಿಯಲ್ಲಿ ತಾಮ್ರ ಇರುವುದರಿಂದ ಕ್ರಮೇಣ ಕಂದಾಗುತ್ತದೆ, ಅಭ್ರಕ ಹಾಗೇ ಇರುತ್ತದೆ.

ಮೀನುಗಾರನ ಬಲಗೈಯ ಬಣ್ಣ ಹೋಗಿತ್ತು, ಆದರೆ ಉಬ್ಬು ಉಳಿದಿತ್ತು. ಅದರ ಮೇಲೆ ಬಣ್ಣವಷ್ಟೇ ಕೊಟ್ಟೆ. ಕೆಳಗಿನ ಡ್ರಾಯರಿನಲ್ಲಿ ಒಂದು ಹಕ್ಕಿ ಇದ್ದಿರಬೇಕು. ಎರಡು ಕಾಲು, ಬಾಲದ ತುದಿ ಬಿಟ್ಟರೆ ಏನೂ ಉಳಿದಿಲ್ಲ. ಕೊಕ್ಕರೆಯೋ, ಫೆಸೆಂಟೋ ಹೇಳಲು ಬರುವುದಿಲ್ಲ. ಅಲ್ಲಿ ಕಪ್ಪು ನೆಲ ತುಂಬಿ ಬಿಟ್ಟೆ. ಡಾಕ್ಟರಮ್ಮನಿಗೆ ಮೊದಲು ಬೇಜಾರಾಯಿತು. "ಒಂದು ಹಕ್ಕಿ ಬರೆದ್ರೆ ಏನಾಗುತ್ತೆ?" ಅಂದರು. ಅದು ನನ್ನ ಹಕ್ಕಿ ಆಗುತ್ತದೆ, ನೀವು ಕೊಂಡದ್ದು ಅವರ ಹಕ್ಕಿ ಅಂದೆ. ಒಪ್ಪಿದರು.

ಕೊನೆಯಲ್ಲಿ ಹೊಸ ಶೆಲಾಕ್ (ಆಲ್ಕೋಹಾಲಿನಲ್ಲಿ ಕರಗಿಸಿದ ಅರಗು) ಬಳಿದು ಫಳಫಳ ಮಾಡಿಕೊಡುವವರಿದ್ದಾರೆ. ದಯವಿಟ್ಟು ಮಾಡಿಸಬೇಡಿ. ಅದರ ಆಲ್ಕೋಹಾಲ್ ಕೆಳಗಿನ ಹಳೆಯ ಅರಗನ್ನೂ ಕರಗಿಸಿ ಎರಡನ್ನೂ ಒಂದು ಮಾಡುತ್ತದೆ. ಆಮೇಲೆ ಬೇರೆ ಮಾಡಲು ಯಾರಿಂದಲೂ ಆಗದು. ನಾನು ತೆಳ್ಳಗೆ ಮೇಣ ಸವರಿ ನಿಲ್ಲಿಸಿದೆ.

ಇಂಥ ಚೆಸ್ಟ್ ನಿಮ್ಮ ಮನೆಯಲ್ಲಿದ್ದರೆ ಕಿಟಕಿಯ ಬಿಸಿಲಿಗೂ ಹೀಟರಿನ ಪಕ್ಕಕ್ಕೂ ಇಡಬೇಡಿ. ಸ್ಪ್ರೇ ಪಾಲಿಶ್ ಬೇಡ, ಒದ್ದೆ ಬಟ್ಟೆಯೂ ಬೇಡ, ಮೆತ್ತನೆಯ ಕುಂಚದಲ್ಲಿ ಧೂಳು ಹೊಡೆದರೆ ಸಾಕು. ಡ್ರಾಯರ್ ಬಿಗಿಯಾದರೆ ಅದು ಜಾರುವ ಪಟ್ಟಿಗೆ ಮೇಣದಬತ್ತಿ ಉಜ್ಜಿ. ಚಕ್ಕೆ ಉದುರಿದರೆ ಗುಡಿಸಿ ಬಿಸಾಡಬೇಡಿ, ಒಂದು ಲಕೋಟೆಗೆ ಹಾಕಿ ಯಾವ ಡ್ರಾಯರಿನ ಯಾವ ಮೂಲೆಯದು ಅಂತ ಮೇಲೆ ಬರೆದಿಡಿ. ಅದನ್ನು ಮತ್ತೆ ಅದರ ಜಾಗದಲ್ಲೇ ಕೂರಿಸಬಹುದು.