ಒಂದು ಕ್ಯೂಸೆಕ್ ಅಂದರೆ ಎಷ್ಟು ನೀರು? ಹೊಲಗಾಲುವೆಯ ಏರಿಯ ಮೇಲೊಂದು ಗಣಿತ ಪಾಠ

ಮಂಡ್ಯ ಸೀಮೆಯ ಮಕ್ಕಳ ಕಿವಿಗೆ ಕ್ಯೂಸೆಕ್, ಟಿಎಂಸಿ (ನೂರು ಕೋಟಿ ಘನ ಅಡಿ ನೀರು) ಎಂಬ ಮಾತುಗಳು ಮಗ್ಗಿಗಿಂತ ಮೊದಲೇ ಬಿದ್ದಿರುತ್ತವೆ. ಮಳೆಗಾಲ ಬಂತೆಂದರೆ ಕನ್ನಂಬಾಡಿ (ಕೆ.ಆರ್.ಎಸ್. ಅಣೆಕಟ್ಟು) ಎಷ್ಟು ಅಡಿ ತುಂಬಿತು, ಒಳಹರಿವು ಎಷ್ಟು, ನಾಲೆಗೆ ಬಿಟ್ಟರಾ ಎಂಬುದೇ ಮನೆಮನೆಯ ಮಾತು. ಆದರೂ ‘ಒಂದು ಕ್ಯೂಸೆಕ್ ನೀರು ಎಷ್ಟಿರುತ್ತದೆ, ಕೈಯಲ್ಲಿ ತೋರಿಸು’ ಅಂದರೆ ಎಂಟನೇ ತರಗತಿಯ ಮಕ್ಕಳು ತಬ್ಬಿಬ್ಬಾಗುತ್ತಾರೆ. ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿದ್ದು ಇಲ್ಲೇ ಪಕ್ಕದ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಮೂರನೇ ತರಗತಿಯವರೆಗೆ ಕೈಯಿಂದ ಕಲಿತ ಮಕ್ಕಳಿಗೆ, ಲೆಕ್ಕ ನಿಜವಾಗಿ ಕಠಿಣವಾಗುವ ಹೊತ್ತಿಗೆ ಪುಸ್ತಕ ಮಾತ್ರ ಉಳಿದಿರುತ್ತದೆ. ಏಳು, ಎಂಟನೇ ತರಗತಿಗೆ ಈ ಪಾಠ ಸರಿಹೊಂದುತ್ತದೆ. ಶಾಲೆಯಲ್ಲಿ ಒಂದು ಪೀರಿಯಡ್, ಕಾಲುವೆಯ ಹತ್ತಿರ ಒಂದು ಶನಿವಾರದ ಬೆಳಗ್ಗೆ, ಆಮೇಲೆ ಲೆಕ್ಕಕ್ಕೆ ಇನ್ನೊಂದು ಪೀರಿಯಡ್ ಸಾಕು.

ಮೊದಲು ಶಾಲೆಯ ನಲ್ಲಿಯ ಹತ್ತಿರ

ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಘನ ಅಡಿ ಎಷ್ಟು ದೊಡ್ಡದು ಎಂಬುದು ಮೊದಲು ಕಣ್ಣಿಗೆ ಕಾಣಬೇಕು. 30.5 ಸೆಂ.ಮೀ. ಉದ್ದದ 12 ಬಿದಿರುಕಡ್ಡಿ ಕತ್ತರಿಸಿ, ಮೂಲೆಗಳನ್ನು ದಾರದಿಂದ ಬಿಗಿದು ಚೌಕಟ್ಟು ಕಟ್ಟಿಸಿ. ಅದರೊಳಗೆ ಹಿಡಿಸುವ ನೀರು 28.3 ಲೀಟರ್.

ಆಮೇಲೆ ಬಕೆಟ್ಟು. ಬಕೆಟ್ಟಿನ ಮೇಲೆ ಅಚ್ಚಾದ ಲೀಟರನ್ನು ನಂಬಬೇಡಿ, ಅದು ಸಾಮಾನ್ಯವಾಗಿ ಅಂಚಿನವರೆಗೆ ತುಂಬಿದಾಗಿನ ಲೆಕ್ಕ. ಒಂದು ಲೀಟರಿನ ಬಾಟಲಿಯಿಂದ 15 ಸಲ ಸುರಿದು, ನೀರು ನಿಂತ ಕಡೆ ಬಣ್ಣದ ಗೆರೆ ಎಳೆಸಿ. ಈಗ ನಲ್ಲಿ ಪೂರ್ತಿ ತಿರುಗಿಸಿ ಆ ಗೆರೆ ಮುಟ್ಟಲು ಎಷ್ಟು ಸೆಕೆಂಡು ಬೇಕೆಂದು ಮೂರು ಸಲ ನೋಡಿ. 60 ಸೆಕೆಂಡು ಬಂತೆನ್ನಿ, ಸೆಕೆಂಡಿಗೆ ಕಾಲು ಲೀಟರ್ ಆಯಿತು. ಹಾಗಾದರೆ ಒಂದು ಕ್ಯೂಸೆಕ್ ಅಂದರೆ ಅಂಥ 113 ನಲ್ಲಿಗಳು ಒಟ್ಟಿಗೆ ಸುರಿದಷ್ಟು. ಈ ಸಂಖ್ಯೆಯನ್ನು ನೀವು ಹೇಳಿಬಿಡಬೇಡಿ. ಅವರೇ ಭಾಗಿಸಿ ಕಂಡುಕೊಳ್ಳಲಿ, ಆಗಲೇ ಅದು ಮನಸ್ಸಿನಲ್ಲಿ ಕೂರುತ್ತದೆ. ಅಳೆದ ನೀರನ್ನು ಶಾಲೆಯ ಗಿಡಗಳಿಗೆ ಹಾಕಿಸಿ.

ಜಾಗ ಆರಿಸುವುದು

ಇಲ್ಲಿ ರಾಜಿ ಬೇಡ. ವಿಶ್ವೇಶ್ವರಯ್ಯ ನಾಲೆ, ಅದರ ಶಾಖಾ ನಾಲೆಗಳು, ಹೊಳೆಯ ದಂಡೆ, ಇವು ಯಾವುವೂ ಈ ಪಾಠಕ್ಕಲ್ಲ. ದೊಡ್ಡ ನಾಲೆಯ ನೀರು ಆಳ, ಸೆಳೆತ ಜೋರು, ಪಾಚಿ ಕಟ್ಟಿದ ಇಳಿಜಾರಿನ ಸಿಮೆಂಟಿನ ಮೇಲೆ ಹಿಡಿತವೇ ಸಿಗುವುದಿಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸು ಆ ನಾಲೆಗೆ ಬಿದ್ದು 30 ಜನ ತೀರಿಕೊಂಡರು, ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ಬೇಕಾದದ್ದು ತೂಬಿನಿಂದ ಗದ್ದೆಗೆ ಹೋಗುವ ಹೊಲಗಾಲುವೆ. ನೀರು ಮಕ್ಕಳ ಮೊಣಕಾಲಿಗಿಂತ ಕೆಳಗಿರಬೇಕು. 10 ಮೀಟರ್ ನೇರವಾಗಿ ಹರಿಯುತ್ತಿರಬೇಕು, ಅಗಲ ಅಲ್ಲಲ್ಲಿ ಹಿಗ್ಗಿ ಕುಗ್ಗಿರಬಾರದು, ನಡುವೆ ಮಡೆ ಒಡೆದು ನೀರು ಬೇರೆ ಕಡೆ ತಿರುಗಿರಬಾರದು.

ಹಿಂದಿನ ವಾರವೇ ಒಬ್ಬರು ಹೋಗಿ ಜಾಗ ನೋಡಿ ಬನ್ನಿ. ಜಮೀನಿನವರನ್ನು ಕೇಳಿ, ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯನ್ನೂ ಮಾತಾಡಿಸಿ. ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನೀರು ಬಿಡುವಾಗ ನಿಮ್ಮ ಶನಿವಾರಕ್ಕೆ ಕಾಲುವೆ ಒಣಗಿರಲೂಬಹುದು. ಪಾಲಕರ ಒಪ್ಪಿಗೆ ಪತ್ರ, ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು, ಎಲ್ಲರ ಕಾಲಿಗೂ ಶೂ ಇರಲಿ. ಹುಲ್ಲು ಬೆಳೆದ ಬದುವಿನಲ್ಲಿ ಮುಂದೆ ನಡೆಯುವವರು ಕೋಲು ತಟ್ಟುತ್ತಾ ಹೋಗಲಿ, ಹಾವು ಸರಿದುಕೊಳ್ಳುತ್ತದೆ. ನೀರಿಗಿಳಿಯುವುದು ದೊಡ್ಡವರು ಮಾತ್ರ, ತಳದಲ್ಲಿ ಒಡೆದ ಗಾಜು ಇರುವುದುಂಟು. ಗದ್ದೆಯ ಔಷಧಿ ಸೇರಿರಬಹುದಾದ ನೀರು, ಆದ್ದರಿಂದ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ತಿಂಡಿ ಡಬ್ಬಿ ತೆರೆಯುವಂತಿಲ್ಲ.

ಮೈಸೂರು ನಗರದ ಶಾಲೆಯವರಿಗೆ ಶ್ರೀರಂಗಪಟ್ಟಣದ ಸುತ್ತಿನ ಗದ್ದೆಬಯಲು ಹತ್ತಿರ. ಅಲ್ಲಿಗೆ ಹೋದರೆ ಬಂಗಾರದೊಡ್ಡಿ ನಾಲೆ ಕಾವೇರಿಯ ಮೇಲೆಯೇ ಹಾದುಹೋಗುವುದನ್ನು ದೂರದಿಂದ ತೋರಿಸಿಕೊಂಡು ಬನ್ನಿ. ಹೊಳೆಯ ಮೇಲೆ ನಾಲೆ ದಾಟುವುದನ್ನು ಕಂಡ ಮಕ್ಕಳು ಕೇಳುವ ಪ್ರಶ್ನೆಗಳು ಒಂದು ವಾರಕ್ಕಾಗುತ್ತವೆ.

ಅಳತೆ

20 ಮೀಟರಿನ ಟೇಪು, ದಾರ, ನಾಲ್ಕು ಗೂಟ, ಸೆಂ.ಮೀ. ಗುರುತು ಹಾಕಿದ ಬಿದಿರುಕೋಲು, ಮೊಬೈಲಿನ ಸ್ಟಾಪ್‌ವಾಚ್, ಒಂದು ಕೆಂಪು ಬಟ್ಟೆ ಜೊತೆಗಿರಲಿ. ತೇಲಿಬಿಡಲು ಎರಡು ಇಂಚಿನ ಬಾಳೆದಿಂಡಿನ ತುಂಡುಗಳು ಚೆನ್ನ, ಬೇಕಾದಷ್ಟು ಸಿಗುತ್ತವೆ. ಥರ್ಮೋಕೋಲ್ ಬೇಡವೇ ಬೇಡ. ಅದು ನೀರಿನ ಮೇಲೇ ಕೂತು ಗಾಳಿ ತಳ್ಳಿದ ಕಡೆ ಓಡುತ್ತದೆ, ಆಗ ನೀವು ಅಳೆದದ್ದು ಗಾಳಿಯನ್ನು. ಹಸಿ ದಿಂಡು ಅರ್ಧಕ್ಕಿಂತ ಹೆಚ್ಚು ಮುಳುಗಿ ನೀರಿನ ಜೊತೆಗೇ ಸಾಗುತ್ತದೆ.

10 ಮೀಟರ್ ಅಳೆದು, ಎರಡು ತುದಿಯಲ್ಲೂ ಕಾಲುವೆಗೆ ಅಡ್ಡ ದಾರ ಕಟ್ಟಿ. ದಿಂಡನ್ನು ಮೇಲಿನ ದಾರಕ್ಕಿಂತ ಎರಡು ಮೀಟರ್ ಹಿಂದೆ, ಕಾಲುವೆಯ ನಡುವಿಗೆ ಬಿಡಬೇಕು. ದಾರದ ಕೆಳಗೇ ಬಿಟ್ಟರೆ ಅದಿನ್ನೂ ವೇಗ ಪಡೆದಿರುವುದಿಲ್ಲ. ಅದು ಮೇಲಿನ ದಾರ ದಾಟುತ್ತಿದ್ದಂತೆ ಅಲ್ಲಿರುವವರು ಕೆಂಪು ಬಟ್ಟೆ ಇಳಿಸುತ್ತಾರೆ, ಕೆಳಗಿನ ದಾರದ ಹತ್ತಿರ ಗಡಿಯಾರ ಹಿಡಿದವರು ಆಗ ಒತ್ತುತ್ತಾರೆ. ಐದು ಸಲ ಬಿಡಿ. ಹುಲ್ಲಿಗೆ ತಾಗಿ ನಿಂತದ್ದನ್ನು ಲೆಕ್ಕದಿಂದ ತೆಗೆಯಿರಿ, ಆದರೆ ಯಾಕೆ ತೆಗೆದಿರಿ ಎಂದು ಪುಸ್ತಕದಲ್ಲಿ ಬರೆಯಲೇಬೇಕು. ಉತ್ತರ ಹಿಡಿಸಲಿಲ್ಲವೆಂದು ಯಾವುದನ್ನೂ ಬಿಡುವಂತಿಲ್ಲ. ‘ಮೂರು ಮೀಟರ್ ಸಾಲದೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 10 ಮೀಟರಿಗೆ 25 ಸೆಕೆಂಡು ಹಿಡಿಯುವ ನೀರಿನಲ್ಲಿ ಒಂದು ಸೆಕೆಂಡು ತಪ್ಪಿದರೆ ನೂರಕ್ಕೆ 4ರಷ್ಟು ತಪ್ಪು. ಮೂರು ಮೀಟರಾದರೆ ಅದೇ ಒಂದು ಸೆಕೆಂಡು ನೂರಕ್ಕೆ 13ರಷ್ಟಾಗುತ್ತದೆ.

ಇನ್ನು ಆಳ. ಹೆಚ್ಚಿನ ತಪ್ಪು ಆಗುವುದು ಇಲ್ಲಿಯೇ. ಮಣ್ಣಿನ ಕಾಲುವೆ ಬೋಗುಣಿಯಂತೆ, ನಡುವೆ ಆಳ, ಅಂಚಿಗೆ ಬಂದಂತೆ ಸೊನ್ನೆ. ನೀರಿನ ಅಗಲವನ್ನು ನಾಲ್ಕು ಸಮಭಾಗ ಮಾಡಿ, ಒಳಗಿನ ಮೂರು ಗುರುತುಗಳಲ್ಲಿ ಕೋಲು ಇಳಿಸಿ. ಕೋಲು ಕೆಸರಿನೊಳಗೆ ಇಳಿದರೆ ಆಳ ಹೆಚ್ಚು ತೋರುತ್ತದೆ, ಆದ್ದರಿಂದ ತುದಿಗೆ ಒಂದು ಅಗಲದ ಬಿಲ್ಲೆ ಕಟ್ಟಿ. ಅಗಲ 80 ಸೆಂ.ಮೀ., ಆಳ 16, 22, 14 ಸೆಂ.ಮೀ. ಎಂದುಕೊಳ್ಳೋಣ. ಮೂರನ್ನೂ ಕೂಡಿಸಿ (52) ಒಂದು ಭಾಗದ ಅಗಲದಿಂದ (20) ಗುಣಿಸಿದರೆ 1,040 ಚದರ ಸೆಂ.ಮೀ., ಅಂದರೆ 0.104 ಚದರ ಮೀಟರ್. ಎರಡು ತ್ರಿಭುಜ, ಎರಡು ತ್ರಾಪಿಜ್ಯ ಸೇರಿದ ವಿಸ್ತೀರ್ಣವೇ ಇದು, ಕರಿಹಲಗೆಯ ಮೇಲೆ ಬರೆದು ಬಿಡಿಸಿ ತೋರಿಸಿ. ಮಕ್ಕಳು ಸಾಮಾನ್ಯವಾಗಿ ಮೂರು ಆಳಗಳ ಸರಾಸರಿ ತೆಗೆದು 80ರಿಂದ ಗುಣಿಸಿಬಿಡುತ್ತಾರೆ. ಆಗ ಅಂಚಿನ ಸೊನ್ನೆಗಳು ಬಿಟ್ಟುಹೋಗಿ ಉತ್ತರ ಮೂರರಲ್ಲಿ ಒಂದು ಪಾಲು ಹೆಚ್ಚು ಬರುತ್ತದೆ. ತಿದ್ದುವ ಮೊದಲು ಎರಡೂ ಉತ್ತರವನ್ನು ಪಕ್ಕಪಕ್ಕ ಬರೆದು, ವ್ಯತ್ಯಾಸ ಎಲ್ಲಿಂದ ಬಂತೆಂದು ಅವರನ್ನೇ ಹುಡುಕಲು ಬಿಡಿ.

ಲೆಕ್ಕ

10 ಮೀಟರಿಗೆ 25 ಸೆಕೆಂಡು ಅಂದರೆ ಸೆಕೆಂಡಿಗೆ 0.4 ಮೀಟರ್. ಇದು ಮೇಲ್ಮೈಯ ನಡುಭಾಗದ ವೇಗ. ತಳ, ಅಂಚುಗಳನ್ನು ಉಜ್ಜಿಕೊಂಡು ಹೋಗುವ ನೀರು ನಿಧಾನ, ಹಾಗಾಗಿ 0.75ರಿಂದ ಗುಣಿಸಿ: 0.3 ಮೀಟರ್. ನುಣುಪಾದ ಸಿಮೆಂಟಿನ ಕಾಲುವೆಗೆ 0.85 ಹಿಡಿಯಬಹುದು, ಹುಲ್ಲು ಬೆಳೆದ ಆಳವಿಲ್ಲದ ಕಾಲುವೆಗೆ 0.66ರ ಹತ್ತಿರ. 0.104 × 0.3 = 0.0312 ಘನ ಮೀಟರ್, ಸೆಕೆಂಡಿಗೆ 31.2 ಲೀಟರ್. ಅದನ್ನು 28.3ರಿಂದ ಭಾಗಿಸಿದರೆ 1.1 ಕ್ಯೂಸೆಕ್.

ರೈತರ ಮಕ್ಕಳಿಗೆ ಇಷ್ಟವಾಗುವುದು ಮುಂದಿನ ಹೆಜ್ಜೆ. ಒಂದು ಗುಂಟೆ 1,089 ಚದರ ಅಡಿ, 40 ಗುಂಟೆಗೆ ಎಕರೆ. ಒಂದು ಎಕರೆಯಲ್ಲಿ ಒಂದು ಇಂಚು ನೀರು ನಿಲ್ಲಿಸಲು 3,630 ಘನ ಅಡಿ ಬೇಕು. ಒಂದು ಕ್ಯೂಸೆಕ್ ಗಂಟೆಗೆ ಕೊಡುವುದು 3,600. ಅಂದರೆ ‘ಒಂದು ಕ್ಯೂಸೆಕ್, ಒಂದು ಗಂಟೆ, ಒಂದು ಎಕರೆ, ಒಂದು ಇಂಚು’. ನಮ್ಮ 1.1 ಕ್ಯೂಸೆಕ್ಕಿನಲ್ಲಿ ಎರಡು ಇಂಚು ನಿಲ್ಲಿಸಲು 1 ಗಂಟೆ 50 ನಿಮಿಷ. ಜಮೀನಿನವರು ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳುತ್ತಾರೋ ಅದನ್ನೂ ಪಕ್ಕದಲ್ಲಿ ಬರೆಯಿರಿ. ಒಣಗಿದ ಗದ್ದೆಯಾದರೆ ಅವರ ಹೊತ್ತು ಹೆಚ್ಚಿರುತ್ತದೆ. ಮೊದಲು ಮಣ್ಣು ಕುಡಿಯುತ್ತದೆ, ಬಿರುಕು ತುಂಬುತ್ತದೆ, ಆಮೇಲಷ್ಟೇ ನೀರು ನಿಲ್ಲುತ್ತದೆ.

ಒಂದು ಎಚ್ಚರಿಕೆ. ಇದೇ ಕಾಲುವೆಯನ್ನು ನೂರು ಮೀಟರ್ ಕೆಳಗೆ ಮತ್ತೆ ಅಳೆದು, ಇಷ್ಟು ನೀರು ಇಂಗಿತು ಎಂದು ತೀರ್ಮಾನಿಸುವ ಆಸೆ ಬರುತ್ತದೆ. ಐದು ತಂಡಗಳ ಉತ್ತರಗಳೇ ಒಂದಕ್ಕೊಂದು ನೂರಕ್ಕೆ ಹತ್ತರಷ್ಟು ಬೇರೆಯಾಗಿದ್ದರೆ, ಅಷ್ಟರೊಳಗಿನ ವ್ಯತ್ಯಾಸವನ್ನು ಇಂಗಿದ ನೀರು ಎನ್ನುವ ಹಾಗಿಲ್ಲ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ.

ನಾಲೆಯಲ್ಲಿ ನೀರಿಲ್ಲದ ತಿಂಗಳಲ್ಲಿ ಪತ್ರಿಕೆ ಹಿಡಿಯಿರಿ. ಕನ್ನಂಬಾಡಿಯ ಮಟ್ಟ, ಒಳಹರಿವು, ಹೊರಹರಿವನ್ನು ದಿನಾ ಬರೆದು ಒಂದು ತಿಂಗಳ ನಕ್ಷೆ ಮಾಡಿಸಿ. ಒಳಹರಿವು ಹೊರಹರಿವಿಗಿಂತ 5,000 ಕ್ಯೂಸೆಕ್ ಹೆಚ್ಚಿದ್ದರೆ ದಿನಕ್ಕೆ (86,400 ಸೆಕೆಂಡು) 43.2 ಕೋಟಿ ಘನ ಅಡಿ, ಅಂದರೆ 0.432 ಟಿಎಂಸಿ ಸೇರುತ್ತದೆ. ಪೂರ್ಣ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. ಮಟ್ಟ ಕೆಳಗಿದ್ದಾಗ ಅಡಿ ಬೇಗ ಏರಿ, ತುಂಬುತ್ತಾ ಬಂದಂತೆ ಅಷ್ಟೇ ನೀರಿಗೆ ನಿಧಾನವಾಗುವುದು ನಕ್ಷೆಯಲ್ಲಿ ಕಾಣುತ್ತದೆ. ಯಾಕೆಂದು ಕೇಳಿ. ಕಾಲುವೆಯ ಬೋಗುಣಿ ಆಕಾರವನ್ನು ಕೋಲಿನಿಂದ ಅಳೆದ ಮಗು ಇದಕ್ಕೂ ಉತ್ತರ ಹೇಳುತ್ತದೆ.