ನನ್ನ ಡಿಸ್ಕ್‌ನೊಳಗೆ ಹತ್ತು ವರ್ಷ ಅಡಗಿ ಕೂತಿದ್ದ ಆಟ

ಎಫ್-ಝೀರೋ ಜಿಎಕ್ಸ್ ಅನ್ನುವುದು ನಿಂಟೆಂಡೊದ ಗೇಮ್‌ಕ್ಯೂಬ್ ಕನ್ಸೋಲ್‌ನ ರೇಸಿಂಗ್ ಆಟ. ಜಪಾನಿನಲ್ಲಿ ಅದು ಬಿಡುಗಡೆಯಾಗಿದ್ದು 2003ರ ಜುಲೈ 25ರಂದು. ಅದರ ಡಿಸ್ಕ್‌ನೊಳಗೆ ಇನ್ನೊಂದು ಪೂರ್ತಿ ಆಟ ಇದೆ ಅಂತ ಅಭಿಮಾನಿಗಳು ಕಂಡುಹಿಡಿದಿದ್ದು 2013ರಲ್ಲಿ. ಆ ಹತ್ತು ವರ್ಷ ನನ್ನ ಡಿಸ್ಕ್ ಕಪಾಟಿನಲ್ಲೇ ಇತ್ತು. ಎಷ್ಟು ಸಲ ತೆಗೆದು ಆಡಿದ್ದೆನೋ ಲೆಕ್ಕವಿಲ್ಲ. ಗೇಮ್‌ಕ್ಯೂಬ್‌ನ ಡಿಸ್ಕ್ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಅದರಲ್ಲಿ ಒಂದೂವರೆ ಗಿಗಾಬೈಟ್ ಕೂಡ ಹಿಡಿಯುವುದಿಲ್ಲ. ಅಷ್ಟರಲ್ಲೇ ಆರ್ಕೇಡ್‌ಗಳಲ್ಲಿ, ಅಂದರೆ ನಾಣ್ಯ ಹಾಕಿ ಆಡುವ ಜಾಗಗಳಲ್ಲಿ, ಇದ್ದ ಎಫ್-ಝೀರೋ ಎಎಕ್ಸ್ ಕೂಡ ಸುಮ್ನೆ ಮಲಗಿತ್ತು. ಸುದ್ದಿ ಓದಿದ ದಿನ ನನಗೆ ಒಂದೇ ಯೋಚನೆ. ಬೇರೆಯವರ ವಿಡಿಯೋ ನೋಡಿ ಸಾಕು ಅನ್ನಿಸಿಕೊಳ್ಳಬಾರದು, ನನ್ನ ಡಿಸ್ಕ್‌ನಿಂದಲೇ ಅದನ್ನು ಎಬ್ಬಿಸಬೇಕು.

ಜಿಎಕ್ಸ್ ಮತ್ತು ಎಎಕ್ಸ್ ಒಟ್ಟಿಗೇ ತಯಾರಾದ ಆಟಗಳು. ಎರಡನ್ನೂ ಮಾಡಿದ್ದು ಸೆಗಾದ ಅಮ್ಯೂಸ್‌ಮೆಂಟ್ ವಿಷನ್ ತಂಡ. ಎಎಕ್ಸ್ ಓಡುತ್ತಿದ್ದದ್ದು ಟ್ರೈಫೋರ್ಸ್ ಅನ್ನುವ ಆರ್ಕೇಡ್ ಬೋರ್ಡಿನ ಮೇಲೆ. ನಿಂಟೆಂಡೊ, ಸೆಗಾ, ನಾಮ್ಕೊ ಮೂವರೂ ಸೇರಿ ಅದನ್ನು ಮಾಡಿದ್ದರು. ಅದರ ಒಳಗಿನ ಯಂತ್ರ ಹೆಚ್ಚುಕಡಿಮೆ ಗೇಮ್‌ಕ್ಯೂಬ್‌ನದೇ. ಹಾಗಾಗಿ ಆರ್ಕೇಡ್ ಆಟದ ಕೋಡ್ ಮನೆಯ ಆಟದ ಜೊತೆ ಒಂದೇ ಡಿಸ್ಕ್‌ನಲ್ಲಿ ಇರುವುದು ಸಾಧ್ಯವಾಯಿತು.

ಮೊದಲ ಕೆಲಸ, ನನ್ನದೇ ಡಿಸ್ಕ್‌ನ ಪ್ರತಿ ತೆಗೆಯುವುದು. ಹಳೆಯ ವೀ ಕನ್ಸೋಲ್ ಒಂದು ಇತ್ತು, ಅದು ಗೇಮ್‌ಕ್ಯೂಬ್ ಡಿಸ್ಕ್‌ಗಳನ್ನು ಓದುತ್ತದೆ. ಅದರಿಂದ ಪ್ರತಿ ತೆಗೆದು ಕಂಪ್ಯೂಟರ್‌ನಲ್ಲೇ ಗೇಮ್‌ಕ್ಯೂಬ್ ಆಟ ಓಡಿಸುವ ಡಾಲ್ಫಿನ್ ಎಮ್ಯುಲೇಟರ್‌ಗೆ ಹಾಕಿದೆ. ಆಕ್ಷನ್ ರಿಪ್ಲೇ ಕೋಡ್, ಅಂದರೆ ಆಟ ನಡೆಯುವ ರೀತಿ ಬದಲಿಸುವ ಅಂಕಿ-ಅಕ್ಷರಗಳ ಸಾಲು, ಹಾಕುವ ಜಾಗ ಅದರಲ್ಲೇ ಇದೆ. ಎಎಕ್ಸ್ ಎಬ್ಬಿಸುವ ಕೋಡ್ ಹಾಕಿದೆ, ಶುರು ಮಾಡಿದೆ, ಪರದೆ ಕಪ್ಪಗಾಗಿ ಹಾಗೇ ನಿಂತುಬಿಟ್ಟಿತು. ಮತ್ತೆ ಹಾಕಿದರೂ ಅದೇ ಕಥೆ.

ಒಂದು ಸಂಜೆ ಪೂರ್ತಿ ಇದರಲ್ಲೇ ಹೋಯಿತು. ಕಾರಣ ಸಣ್ಣದು, ಆದರೆ ಈ ಕೆಲಸಕ್ಕೆ ಇಳಿಯುವವರು ಮೊದಲೇ ತಿಳಿದಿರಬೇಕಾದದ್ದು. ಪ್ರತಿ ಗೇಮ್‌ಕ್ಯೂಬ್ ಆಟಕ್ಕೂ ಆರು ಅಕ್ಷರದ ಒಂದು ಗುರುತು ಇರುತ್ತದೆ. ಅಮೆರಿಕದ ಜಿಎಕ್ಸ್‌ಗೆ ಅದು ಜಿಎಫ್‌ಝಡ್‌ಇ01. ನಾಲ್ಕನೇ ಅಕ್ಷರವೇ ಪ್ರದೇಶ ಹೇಳುವುದು. ಇ ಅಂದರೆ ಅಮೆರಿಕ, ಜೆ ಅಂದರೆ ಜಪಾನ್, ಪಿ ಅಂದರೆ ಯುರೋಪ್. ಕೋಡ್ ಮಾಡುವುದು ಇಷ್ಟೇ: ಮೆಮೊರಿಯ ಒಂದು ನಿರ್ದಿಷ್ಟ ಜಾಗಕ್ಕೆ ಹೋಗಿ ಅಲ್ಲಿರುವ ಅಂಕಿ ಬದಲಿಸುತ್ತದೆ. ಬೇರೆ ಪ್ರದೇಶದ ಡಿಸ್ಕ್‌ನಲ್ಲಿ ಆ ಜಾಗದಲ್ಲಿ ಬೇರೇನೋ ಇರುತ್ತದೆ. ನಾನು ಹಾಕಿದ್ದು ಬೇರೆ ಪ್ರದೇಶದ ಕೋಡ್. ನನ್ನ ಡಿಸ್ಕ್‌ಗೆ ಸರಿಯಾದ ಕೋಡ್ ಹುಡುಕಿ ಹಾಕಿದ ಮೇಲೆ ಮೊದಲ ಸಲಕ್ಕೇ ಎದ್ದಿತು. ಇನ್ನೂ ಒಂದು ಮಾತು. ಕೋಡ್ ಹಾಕುವ ಮೊದಲು ಮೆಮೊರಿ ಕಾರ್ಡ್ ಫೈಲನ್ನು ಬೇರೆ ಕಡೆ ನಕಲು ಮಾಡಿ ಇಡಿ. ವರ್ಷಗಟ್ಟಲೆ ಆಡಿ ಗೆದ್ದದ್ದೆಲ್ಲ ಅದರೊಳಗೇ ಇರುವುದು.

ಎಎಕ್ಸ್ ಶುರುವಾದಾಗ ಮೊದಲು ಗಮನಕ್ಕೆ ಬರುವುದು ಗಡಿಯಾರ. ಜಿಎಕ್ಸ್‌ನಲ್ಲಿ ನಿಮ್ಮ ವೈರಿಗಳು ಉಳಿದ 29 ಮಷಿನ್‌ಗಳು, ಅಂದರೆ ಓಟದ ಗಾಡಿಗಳು. ಇಲ್ಲಿ ಸಮಯವೇ ವೈರಿ. ಎಣಿಕೆ ಕೆಳಗಿಳಿಯುತ್ತಲೇ ಇರುತ್ತದೆ, ಚೆಕ್‌ಪಾಯಿಂಟ್ ದಾಟಿದರೆ ಸ್ವಲ್ಪ ಸೇರುತ್ತದೆ. ಮಷಿನ್‌ಗಳು 14 ಮಾತ್ರ. ಅದರಲ್ಲಿ ನಾಲ್ಕು 1990ರ ಮೊದಲ ಆಟದವು: ಬ್ಲೂ ಫಾಲ್ಕನ್, ಗೋಲ್ಡನ್ ಫಾಕ್ಸ್, ವೈಲ್ಡ್ ಗೂಸ್, ಫೈರ್ ಸ್ಟಿಂಗ್‌ರೇ. ಉಳಿದ ಹತ್ತು ಹೊಸವು. ಟ್ರ್ಯಾಕ್‌ಗಳು ಆರು. ಅವೇ ಆರು ಜಿಎಕ್ಸ್‌ನ ಎಎಕ್ಸ್ ಕಪ್ ಅನ್ನುವ ಓಟಗಳ ಸರಣಿಯಲ್ಲೂ ಇವೆ, ನನಗೆ ಬಾಯಿಪಾಠ ಆಗಿದ್ದವು. ಆದರೂ ಮ್ಯೂಟ್ ಸಿಟಿಯ ಸಾನಿಕ್ ಓವಲ್‌ನಲ್ಲಿ ಆ ಗಡಿಯಾರ ಇಟ್ಟುಕೊಂಡು ಓಡಿಸಿದಾಗ ಕೈ ನಡುಗಿತು. ನಾಣ್ಯ ಹಾಕಿ ಆಡಲೆಂದು ಮಾಡಿದ ಆಟದಲ್ಲಿ ಪ್ರತಿ ತಿರುವಿಗೂ ಬೇರೆ ಬೆಲೆ ಇರುತ್ತದೆ ಅಂತ ಆವತ್ತು ಗೊತ್ತಾಯಿತು.

ಇಲ್ಲೇ ಒಂದು ತಪ್ಪು ನಂಬಿಕೆಯ ವಿಷಯ ಹೇಳಬೇಕು. ಎಎಕ್ಸ್‌ನ ಆರ್ಕೇಡ್ ಯಂತ್ರಕ್ಕೆ ಗೇಮ್‌ಕ್ಯೂಬ್‌ನ ಮೆಮೊರಿ ಕಾರ್ಡ್ ತೂರಿಸಬಹುದಿತ್ತು. ಅಲ್ಲಿ ಆಡಿ ಗಳಿಸಿದ್ದು ಮನೆಯ ಆಟದಲ್ಲಿ ತೆರೆದುಕೊಳ್ಳುತ್ತಿತ್ತು. ಇದನ್ನು ಕೇಳಿ, ಆರ್ಕೇಡ್ ಸಿಗದವರಿಗೆ ಎಎಕ್ಸ್ ಟ್ರ್ಯಾಕ್‌ಗಳು ಸಿಗುವುದೇ ಇಲ್ಲ ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಹಾಗಲ್ಲ. ರೂಬಿ, ಸಫೈರ್, ಎಮರಾಲ್ಡ್, ಡೈಮಂಡ್ ಈ ನಾಲ್ಕೂ ಕಪ್‌ಗಳನ್ನು ಮಾಸ್ಟರ್ ಮಟ್ಟದಲ್ಲಿ ಗೆದ್ದರೆ ಎಎಕ್ಸ್ ಕಪ್ ತಾನಾಗಿ ತೆರೆಯುತ್ತದೆ. ಹೊಸ ಹತ್ತು ಪೈಲಟ್‌ಗಳಿಗೆ ಸ್ಟೋರಿ ಮೋಡ್‌ನ ಅಧ್ಯಾಯಗಳನ್ನು ವೆರಿ ಹಾರ್ಡ್‌ನಲ್ಲಿ ಗೆಲ್ಲಬೇಕು. ನಾನು ಹಾಗೇ ಗೆದ್ದೆ. ತಿಂಗಳುಗಟ್ಟಲೆ ಹಿಡಿಯಿತು. ಕೋಡ್‌ನಿಂದ ತೆರೆಯಬಹುದಿತ್ತು, ಆದರೆ ಈ ಆಟದಲ್ಲಿ ಕಷ್ಟಪಟ್ಟು ಗೆಲ್ಲುವುದೇ ಕಲಿಯುವ ದಾರಿ. ಮಾಸ್ಟರ್‌ನಲ್ಲಿ ಗೆಲ್ಲುವಷ್ಟು ಕೈ ಕುದುರದೆ ಮುಂದೆ ಹೇಳುವ ಸ್ನೇಕಿಂಗ್ ಬರುವುದೇ ಇಲ್ಲ.

ಸ್ನೇಕಿಂಗ್ ಅಂದರೆ ಹಾವಿನ ಥರ ಹೋಗುವುದು. ಜಿಎಕ್ಸ್‌ನಲ್ಲಿ ಅಭಿಮಾನಿಗಳು ಕಂಡುಕೊಂಡ ವಿದ್ಯೆಗಳಲ್ಲಿ ಇದಕ್ಕೇ ಹೆಸರು ಜಾಸ್ತಿ. ನೇರ ರಸ್ತೆಯಲ್ಲಿ ನೇರವಾಗಿ ಹೋಗಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಇಲ್ಲಿ ಮಾತ್ರ ಎಡಕ್ಕೆ ಬಲಕ್ಕೆ ಬೇಗ ಬೇಗ ಜಾರುತ್ತ ಹೋದರೆ ವೇಗ ಏರುತ್ತದೆ. ಒಂದು ಕಡೆ ಜಾರುವಾಗ ಒಂದಿಷ್ಟು ವೇಗ ಸಿಗುತ್ತದೆ. ಅದು ಕರಗುವ ಮೊದಲೇ ಇನ್ನೊಂದು ಕಡೆ ಜಾರಬೇಕು. ಹೀಗೆ ಒಂದರ ಮೇಲೊಂದು ಸೇರಿ ವೇಗಮಾಪಕ ಮಾಮೂಲಿ ಓಟದಲ್ಲಿ ಎಂದೂ ಕಾಣದ ಅಂಕಿಗೆ ಹೋಗುತ್ತದೆ.

ಓದಿದಾಗ ಸುಲಭ ಅನ್ನಿಸಿತು. ಮೊದಲ ವಾರ ಗೋಡೆಗೆ ಬಡಿಯುವುದೇ ಆಯಿತು. ಆಮೇಲೆ ಎಲ್ಲವನ್ನೂ ಒಟ್ಟಿಗೆ ಕಲಿಯುವುದು ಬಿಟ್ಟೆ. ಒಂದೇ ಟ್ರ್ಯಾಕ್, ಒಂದೇ ಮಷಿನ್, ಗಡಿಯಾರದ ವಿರುದ್ಧ ಒಬ್ಬರೇ ಓಡುವ ಟೈಮ್ ಅಟ್ಯಾಕ್ ಮೋಡ್ ಮಾತ್ರ ಇಟ್ಟುಕೊಂಡೆ. ರಸ್ತೆ ಅಗಲವಾಗಿರಬೇಕು, ಇಲ್ಲದಿದ್ದರೆ ಜಾರಲು ಜಾಗವೇ ಇಲ್ಲ. ಓಟದ ಮೊದಲು ಒಂದು ಸ್ಲೈಡರ್ ಬರುತ್ತದಲ್ಲ, ಒಂದು ತುದಿಯಲ್ಲಿ ಆಕ್ಸಲರೇಷನ್, ಇನ್ನೊಂದು ತುದಿಯಲ್ಲಿ ಮ್ಯಾಕ್ಸ್ ಸ್ಪೀಡ್. ಅದನ್ನು ಆಕ್ಸಲರೇಷನ್ ಕಡೆಗೆ ತಳ್ಳಿದಾಗ ನನಗೆ ಲಯ ಬೇಗ ಹತ್ತಿತು. ಮೂರನೇ ವಾರ ಒಂದು ರಾತ್ರಿ ಎಡ, ಬಲ, ಎಡ, ಬಲ ಅಂತ ಎಣಿಸುವುದನ್ನೇ ಮರೆತೆ. ಬೆರಳುಗಳು ತಾವೇ ಹೋಗುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಗೆಳೆಯ, "ಏನೋ ಇದು, ಗಾಡಿ ಹಾವಿನ ಥರ ಹೋಗ್ತಿದೆ!" ಅಂದ. ಹೆಸರು ಅವನಿಗೆ ಗೊತ್ತಿರಲಿಲ್ಲ. ನೋಡಿದ್ದನ್ನೇ ಹೇಳಿದ್ದ.

ಆಮೇಲೆ ಡಾನ್ ಜೀನಿ ಅನ್ನುವ ಪೈಲಟ್‌ನ ಫ್ಯಾಟ್ ಶಾರ್ಕ್ ಮಷಿನ್‌ನಲ್ಲಿ ಮಾಡಿ ನೋಡಿದೆ. ಅದರ ತೂಕ 2490 ಕಿಲೋ. ಬ್ಲೂ ಫಾಲ್ಕನ್ 1260 ಕಿಲೋ, ಅಂದರೆ ಹತ್ತಿರಹತ್ತಿರ ಎರಡು ಪಟ್ಟು ವ್ಯತ್ಯಾಸ. ಇಷ್ಟು ಭಾರದ ಮಷಿನ್ ಹಾವಿನ ಥರ ಹೊರಳುತ್ತದೆಯೇ ಅಂದುಕೊಂಡಿದ್ದೆ. ಹೊರಳುತ್ತದೆ, ಅದೂ ಭರ್ಜರಿಯಾಗಿ.

ಸ್ನೇಕಿಂಗ್‌ನಿಂದ ಆಟ ಕೆಟ್ಟಿತು ಅನ್ನುವವರು ಇದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಆಟಗಾರರೇ ಇದಕ್ಕೆ ಒಳ್ಳೆಯ ದಾರಿ ಹುಡುಕಿದ್ದಾರೆ. ದಾಖಲೆಗಳನ್ನು ಎರಡು ಬಗೆಯಾಗಿ ಇಡುತ್ತಾರೆ. ಸ್ನೇಕಿಂಗ್ ಇರುವುದು ಒಂದು, ಸ್ನೇಕಿಂಗ್ ಇಲ್ಲದ ಮ್ಯಾಕ್ಸ್ ಸ್ಪೀಡ್ ಇನ್ನೊಂದು. ಎರಡೂ ಬೇರೆ ಬೇರೆ ವಿದ್ಯೆ.

ಮ್ಯಾಕ್ಸ್ ಸ್ಪೀಡ್‌ನವರ ಒಂದು ಶೋಧ ನನಗೆ ಸ್ನೇಕಿಂಗ್‌ಗಿಂತ ಹೆಚ್ಚು ಇಷ್ಟ. ಎರಡನೇ ಲ್ಯಾಪ್‌ನಿಂದ ಬೂಸ್ಟ್ ಸಿಗುತ್ತದೆ. ಬೂಸ್ಟ್ ಒತ್ತಿದರೆ ಮಷಿನ್‌ನ ಶಕ್ತಿ ಖರ್ಚಾಗುತ್ತದೆ, ವೇಗ ಏರಿ ಮತ್ತೆ ಇಳಿಯುತ್ತದೆ. ಆ ಇಳಿಯುವ ಹೊತ್ತಿನಲ್ಲಿ ಆಕ್ಸಲರೇಟರ್ ಬಿಟ್ಟರೆ ವೇಗ ನಿಧಾನವಾಗಿ ಇಳಿಯುತ್ತದೆ, ಒತ್ತಿಹಿಡಿದರೆ ಬೇಗ ಇಳಿಯುತ್ತದೆ. ತಲೆಕೆಳಗಾದ ಮಾತು. ನಾನು ನಂಬಲಿಲ್ಲ.

ಪರೀಕ್ಷಿಸಲು ಡಾಲ್ಫಿನ್‌ನ ಒಂದು ಸೌಲಭ್ಯ ಉಪಯೋಗಕ್ಕೆ ಬಂತು. ಆಟವನ್ನು ಒಂದೊಂದೇ ಫ್ರೇಮ್, ಅಂದರೆ ಪರದೆಯ ಒಂದೊಂದೇ ಚಿತ್ರ, ಮುಂದೆ ಓಡಿಸಬಹುದು. ಜಿಎಕ್ಸ್ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಓಡುವ ಆಟ. ನೇರ ರಸ್ತೆಯಲ್ಲಿ ಒಂದು ಕಡೆ ಸ್ಟೇಟ್ ಸೇವ್ ಮಾಡಿದೆ, ಅಂದರೆ ಆಟದ ಆ ಕ್ಷಣವನ್ನು ಹಾಗೇ ಉಳಿಸಿಟ್ಟೆ. ಅಲ್ಲಿಂದ ಬೂಸ್ಟ್ ಒತ್ತಿ, ಆಕ್ಸಲರೇಟರ್ ಹಿಡಿದೇ ಇಟ್ಟು, ಹತ್ತು ಫ್ರೇಮಿಗೊಮ್ಮೆ ವೇಗ ಬರೆದುಕೊಂಡೆ. ಮತ್ತೆ ಅದೇ ಜಾಗದಿಂದ ಶುರು ಮಾಡಿ, ಬೂಸ್ಟ್ ಮುಗಿಯುತ್ತಿದ್ದಂತೆ ಬೆರಳೆತ್ತಿ, ಮತ್ತೆ ಬರೆದುಕೊಂಡೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ನೋಟ್‌ಬುಕ್‌ನಲ್ಲಿ ಎರಡು ಸಾಲು ಅಂಕಿ ಅಕ್ಕಪಕ್ಕ ಬಂದಾಗ ಸಂಶಯ ಉಳಿಯಲಿಲ್ಲ. ಬೆರಳೆತ್ತಿದ ಸಾಲಿನ ಅಂಕಿಗಳೇ ದೊಡ್ಡವು. ನಂತರ ನಿಜವಾದ ಓಟದಲ್ಲಿ ಮಾಡಲು ಕೂತೆ. ವರ್ಷಗಳಿಂದ ಅದೇ ಗುಂಡಿಯನ್ನು ಒತ್ತಿಹಿಡಿದೇ ಆಡಿದ ಬೆರಳು, ಎತ್ತು ಅಂದರೆ ಎತ್ತುವುದೇ ಇಲ್ಲ. ಅದನ್ನು ಒಪ್ಪಿಸಲು ಸ್ನೇಕಿಂಗ್‌ಗಿಂತ ಜಾಸ್ತಿ ದಿನ ಬೇಕಾಯಿತು.

ಹಾರುವ ವಿದ್ಯೆಯನ್ನೂ ಕಲಿತೆ, ಆದರೆ ಅದರಲ್ಲಿ ನಾನು ಇನ್ನೂ ಅರ್ಧ ದಾರಿಯಲ್ಲಿದ್ದೇನೆ. ರಸ್ತೆಯಿಂದ ನೆಗೆದು, ಗಾಳಿಯಲ್ಲೇ ಸಾಗಿ, ಟ್ರ್ಯಾಕ್‌ನ ಒಂದು ಭಾಗವನ್ನೇ ಬಿಟ್ಟು ಮುಂದಿನ ಭಾಗದ ಮೇಲೆ ಇಳಿಯುವುದು. ಮೂತಿ ಕೆಳಗೆ ಮಾಡಿದರೆ ವೇಗ, ಮೇಲೆ ಮಾಡಿದರೆ ಹೆಚ್ಚು ಹೊತ್ತು ತೇಲಬಹುದು. ಇಳಿಯುವ ಕ್ಷಣದಲ್ಲಿ ಮಷಿನ್ ರಸ್ತೆಗೆ ಸಮವಾಗಿರಬೇಕು, ಇಲ್ಲದಿದ್ದರೆ ಗಳಿಸಿದ ವೇಗ ಅಲ್ಲೇ ಹೋಯಿತು.

ಸಣ್ಣಪುಟ್ಟ ಸಂಗತಿಗಳೂ ನೋಟ್‌ಬುಕ್‌ನಲ್ಲಿವೆ. ಮಿಸ್ಟರ್ ಇಎಡಿ ಅನ್ನುವ ಪೈಲಟ್‌ನ ಮೀಸೆ ನೋಡಿದರೆ ಮಾರಿಯೋ ನೆನಪಾಗುತ್ತಾನೆ, ಹೆಸರು ನಿಂಟೆಂಡೊದ ಇಎಡಿ ವಿಭಾಗದ್ದು, ಮಷಿನ್‌ನ ಹೆಸರು ಗ್ರೇಟ್ ಸ್ಟಾರ್. ಜೇಮ್ಸ್ ಮೆಕ್‌ಕ್ಲೌಡ್‌ನ ಹೆಸರು ಸ್ಟಾರ್ ಫಾಕ್ಸ್ ಆಟದಿಂದ ಬಂದದ್ದು. ಇವರಿಬ್ಬರೂ 1998ರ ಎಫ್-ಝೀರೋ ಎಕ್ಸ್‌ನಲ್ಲೇ ಇದ್ದವರು. ಆ ಆಟ ನಿಂಟೆಂಡೊ 64ರಲ್ಲಿ 30 ಮಷಿನ್‌ಗಳನ್ನು 60 ಫ್ರೇಮ್‌ನಲ್ಲಿ ಓಡಿಸಿತ್ತು. ಅದಕ್ಕಾಗಿ ಮಷಿನ್‌ಗಳನ್ನೂ ರಸ್ತೆಯ ಸುತ್ತಲಿನ ನೋಟವನ್ನೂ ತುಂಬಾ ಸರಳವಾಗಿ ಇಟ್ಟರು. ಅದರ ಎಕ್ಸ್ ಕಪ್ ಪ್ರತಿ ಸಲ ಹೊಸ ಟ್ರ್ಯಾಕ್‌ಗಳನ್ನು ತಾನೇ ಕಟ್ಟುತ್ತದೆ. ಕೆಲವು ಸಲ ಎಂಥ ತಿರುವು ಬರುತ್ತದೆ ಅಂದರೆ ಎದುರಾಳಿಗಳು ಸಾಲಾಗಿ ರಸ್ತೆಯಿಂದ ಹಾರಿಹೋಗುತ್ತಾರೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ ಕೆಲಸ ಬಿಎಸ್ ಎಫ್-ಝೀರೋದ್ದು. ಜಪಾನಿನಲ್ಲಿ ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಕನ್ಸೋಲ್‌ಗೆ ಸ್ಯಾಟೆಲ್ಲಾವ್ಯೂ ಅನ್ನುವ ಉಪಕರಣ ಜೋಡಿಸಿದರೆ ಉಪಗ್ರಹದಿಂದ ಆಟಗಳು ಬರುತ್ತಿದ್ದವು. 1996-97ರಲ್ಲಿ ಎಫ್-ಝೀರೋದ ಹೊಸ ಟ್ರ್ಯಾಕ್‌ಗಳೂ ಹೊಸ ಮಷಿನ್‌ಗಳೂ ಹಾಗೆ ಪ್ರಸಾರವಾದವು: ಬ್ಲೂ ಥಂಡರ್, ಲೂನಾ ಬಾಂಬರ್, ಗ್ರೀನ್ ಅಮೆಜೋನ್, ಫೈರ್ ಸ್ಕಾರ್ಪಿಯನ್. ಪ್ರಸಾರ ನಿಂತ ಮೇಲೆ ಅವುಗಳಲ್ಲಿ ಎಷ್ಟೋ ಟ್ರ್ಯಾಕ್‌ಗಳು ಕಳೆದೇಹೋದವು. ಉಳಿದದ್ದು ಆ ಕಾಲದಲ್ಲಿ ಯಾರೋ ವಿಎಚ್‌ಎಸ್ ಟೇಪ್‌ನಲ್ಲಿ ಹಿಡಿದಿಟ್ಟ ಚಿತ್ರ ಮಾತ್ರ.

2024ರ ಆರಂಭದಲ್ಲಿ ಅಭಿಮಾನಿಗಳು ಆ ಟೇಪ್‌ನಿಂದಲೇ ಟ್ರ್ಯಾಕ್‌ಗಳನ್ನು ಮತ್ತೆ ಕಟ್ಟಿದರು. ಅದು ಹೇಗೆ ಸಾಧ್ಯ ಅಂತ ತಿಳಿಯಲು ಮೊದಲ ಎಫ್-ಝೀರೋ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು. ಅದರಲ್ಲಿ ನಿಜವಾದ ಮೂರು ಆಯಾಮದ ರಸ್ತೆ ಇಲ್ಲ. ಮೋಡ್ 7 ಅನ್ನುವ ವಿಧಾನದಲ್ಲಿ ಒಂದು ದೊಡ್ಡ ಚಪ್ಪಟೆ ಚಿತ್ರವನ್ನು ತಿರುಗಿಸಿ, ಹಿಗ್ಗಿಸಿ, ಓರೆಯಾಗಿ ತೋರಿಸುತ್ತಾರೆ. ಟ್ರ್ಯಾಕ್ ಅಂದರೆ ಆ ಒಂದು ಚಿತ್ರವೇ. ಹಾಗಾದರೆ ಟೇಪ್‌ನ ಒಂದೊಂದು ಫ್ರೇಮ್‌ನಲ್ಲೂ ಅದೇ ಚಿತ್ರದ ಒಂದು ತುಂಡು ಇದೆ. ಮಸುಕಾದ ತುಂಡು ನಿಜ, ಆದರೆ ಸಾವಿರಾರು ಇವೆ. ಪ್ರತಿ ಫ್ರೇಮ್‌ನಲ್ಲಿ ಮಷಿನ್ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಅಂತ ಲೆಕ್ಕ ಹಾಕಲು ಅವರು ಮಷಿನ್ ಲರ್ನಿಂಗ್ ಬಳಸಿದರು. ತುಂಡುಗಳನ್ನು ಜೋಡಿಸಿ ನೆಲವನ್ನು ಮತ್ತೆ ಬರೆದರು.

ಆ ಟ್ರ್ಯಾಕ್‌ಗಳನ್ನು ಆಟಕ್ಕೆ ಸೇರಿಸುವ ಫೈಲನ್ನು, ಅಂದರೆ ಪ್ಯಾಚ್ ಅನ್ನು, ನನ್ನ ಮೊದಲ ಎಫ್-ಝೀರೋದ ಪ್ರತಿಗೆ ಹಚ್ಚಿ ಒಂದು ರಾತ್ರಿ ಆಡಲು ಕೂತೆ. ಬ್ಲೂ ಥಂಡರ್ ಆರಿಸಿದೆ. ಎಲ್ಲ ಎಫ್-ಝೀರೋ ಟ್ರ್ಯಾಕ್‌ಗಳೂ ಕಣ್ಣು ಮುಚ್ಚಿದರೂ ಬರುತ್ತವೆ ಅಂದುಕೊಂಡಿದ್ದವನು ನಾನು. ಮೊದಲ ತಿರುವು ಎಡಕ್ಕೋ ಬಲಕ್ಕೋ ಗೊತ್ತಿರಲಿಲ್ಲ. ಎಷ್ಟೋ ವರ್ಷಗಳ ನಂತರ ಈ ಆಟದಲ್ಲಿ ಮತ್ತೆ ದಾರಿ ತಿಳಿಯದೆ ನಿಧಾನ ಮಾಡಿದೆ, ರಸ್ತೆ ನೋಡಿದೆ, ತಿರುಗಿದೆ.